ಬೆಣ್ಣೆಚಾಕು

ಕರುವಿನ ಕತ್ತಿನಷ್ಟೇ ದಪ್ಪ ಈ ಜುನಿಪರ್ ಕಾಂಡ.
ಉಂಗುರ ಎಣಿಸಿದೆ, ನೂರಿಪ್ಪತ್ತಕ್ಕೆ ಕಣ್ಣು ಸೋತಿತು.
ಹಿಯುಮಾ ದ್ವೀಪದ ಸುಣ್ಣಕಲ್ಲಿನ ಮೇಲೆ
ಯಾವುದಕ್ಕೂ ಅವಸರವಿಲ್ಲ,
ಕಡೆಯ ದೋಣಿ ಹಿಡಿಯುವವರ ಹೊರತು.

ಕೊಡಲಿಯಲ್ಲಿ ಸೀಳಿ ಚಾಕು ಆಡಿಸಿದೆ.
ಮೆಣಸು ಕುಟ್ಟಿದಂಥ ಘಮ,
ಮಡಿಲ ತುಂಬ ಹೆರೆಸುರುಳಿ.
ಬೆನ್ನು ಮೂಡಿತು, ಅಲಗು ತೆಳುವಾಯಿತು,
ಹಿಡಿಯ ಹತ್ತಿರ ಬಂದಾಗ
ಕಿರ್ರ್.

ಮೊಳೆ.
ಮರ ಅದನ್ನು ನುಂಗಿ ಬಾಯೊರೆಸಿಕೊಂಡು
ಏನೂ ಆಗದಂತೆ ಬೆಳೆದಿತ್ತು.

ತೊಗಟೆಯಿಂದ ಒಳಕ್ಕೆ ಎಣಿಸಿಕೊಂಡು ಹೋದೆ:
ನಮ್ಮ ಹಸುಗಳನ್ನು ಸಾಮೂಹಿಕ ಫಾರ್ಮಿಗೆ
ಹೊಡೆದುಕೊಂಡು ಹೋದ ವರ್ಷ.
ಕೊಟ್ಟಿಗೆ ಬರಿದಾದ ಮೇಲೂ
ಅಪ್ಪ ಬೇಲಿ ಬಿಗಿಯುತ್ತಲೇ ಇದ್ದ.
ಯಾಕೆಂದು ಆಗ ಕೇಳಲಿಲ್ಲ,
ನನಗೆ ಆರು ವರ್ಷ,
ಮೊಳೆಗಳ ಡಬ್ಬಿ ನನ್ನ ಕೈಲಿತ್ತು.

ಕಬ್ಬಿಣದ ಕಪ್ಪು ಎಳೆಎಳೆಗೆ ಇಳಿದಿದೆ,
ಉಜ್ಜಿದರೆ ಹೋಗದು.
"ಕಲೆ ಬಿದ್ದದ್ದನ್ನ ಯಾರು ಕೊಳ್ತಾರೆ?"
ನಾದಿನಿ ಸಾಲ್ಮೆ, ಸಂತೆಯ ಬುಟ್ಟಿ ತುಂಬುತ್ತ.

ಯಾರಿಗೂ ಕೊಡುವುದಿಲ್ಲ.
ಮೊಳೆಗಿಂತ ಬೆರಳಷ್ಟು ಈಚೆಗೆ ತುಂಡರಿಸಿದೆ.
ಮೋಟು ಹಿಡಿ, ಮೂರು ಬೆರಳಿಗೆ ಸಿಗುವಷ್ಟು.
ಅಗಸೆ ಎಣ್ಣೆ ಕುಡಿಸಿ ಕಿಟಕಿಯಲ್ಲಿಟ್ಟೆ.

ಈ ಬೆಳಿಗ್ಗೆ ಕರಿರೊಟ್ಟಿಗೆ ಬೆಣ್ಣೆ ಸವರಿದ್ದು
ಅದರಲ್ಲೇ.
ಬೆಣ್ಣೆ ಅಂಗಡಿಯದು.