ಇಂಥವರಿಂದ ಬಂತು

ಟಾಲಿನ್ನಿನ ಆ ಕೋಣೆಯಲ್ಲಿ ಏಳು ಜನ, ಒಂದು ಹೀಟರು.
ನಡಾವಳಿ ಬರೆಯುವವಳು ನಾನು.
ವಾದಿಸುವ ಹಕ್ಕಿಲ್ಲ, ಬೆರಳು ಮಾತ್ರ ಮರಗಟ್ಟುತ್ತದೆ.

ಇಂದಿನ ವಿಷಯ ಒಂದೇ ಸಾಲು:
ಪತ್ರದ ನೆತ್ತಿಯ ಮೇಲೆ
ಅದು ಹಾದುಬಂದ ಸರ್ವರುಗಳ ಗುರುತನ್ನು
ಹೇಗೆ ಬರೆಯತಕ್ಕದ್ದು.
ಹೆಸರಿನಿಂದಲೋ, ಅಂಕಿಯಿಂದಲೋ.
ಹೊಸ ಸಾಲು ಹಳೆಯದರ ತಲೆಯ ಮೇಲೆ ಕೂರುತ್ತದೆ,
ಎಲ್ಲಿಂದ ಹೊರಟಿತೆಂದು ತಿಳಿಯಲು
ಓದುವವರು ಕೆಳಗಿಂದ ಹತ್ತಬೇಕು. ಇಷ್ಟಕ್ಕೆ ಎಲ್ಲರ ಒಪ್ಪಿಗೆಯಿದೆ.
ಶುರುವಾದದ್ದು ಬೆಳಿಗ್ಗೆ ಹತ್ತಕ್ಕೆ. ಈಗ ಮೂರೂವರೆ,
ಕಿಟಕಿಯಾಚೆ ಬಂದರು ಕತ್ತಲಾಯಿತು.

ಉರ್ಮಾಸ್ ಹೇಳುತ್ತಾನೆ: ಬಾಗಿಲು ತಟ್ಟಿದವನು
ತನ್ನ ಹೆಸರು ತಾನೇ ಹೇಳುತ್ತಾನಲ್ಲ, ಅದನ್ನೇ ಬರೆಯಿರಿ.
ಹೊಸ್ತಿಲಲ್ಲಿ ನಿಂತವನ ಜೇಬು ತಡಕುವುದು ಬೇಡ,
ಐವತ್ತು ವರ್ಷ ತಡಕಿಸಿಕೊಂಡದ್ದು ಸಾಕು.

ಪ್ರೆಬೆನ್, ಕೋಪನ್‌ಹೇಗನ್ನಿನಿಂದ ಎರಡು ಹಡಗು ಬದಲಿಸಿ ಬಂದವನು,
ಸಾಸೇಜು ಕತ್ತರಿಸುತ್ತ:
ಹೆಸರು ಬಾಯಿಯದು. ಬಾಯಿ ಏನು ಬೇಕಾದರೂ ಹೇಳೀತು.
ಯಾವ ಅಂಕಿಯಿಂದ ಬಂತೋ ಅದನ್ನು ಬರೆಯಿರಿ,
ಸುಳ್ಳಾಡಲು ಅಂಕಿಗೆ ನಾಲಗೆ ಇಲ್ಲ.

ಆಗ ಉರ್ಮಾಸ್ ಹೌಗ್‌ನ ಕತೆ ತೆಗೆದ.
ಹೌಗ್ ಅಂದರೆ ಒಂದು ಮೀನು, ಹಲ್ಲು ಜಾಸ್ತಿ.
ತಾರ್ತುವಿನಲ್ಲಿ ಮೆಟ್ಟಿಲಿನಡಿ ಗೊರಗೊರ ಅನ್ನುತ್ತಿದ್ದ
ಯಂತ್ರದ ಹೆಸರೂ ಅದೇ.
ಡಿಸ್ಕು ಸತ್ತಿತು, ಬೇರೆ ಹಾಕಿದೆವು.
ಬೋರ್ಡು ಸುಟ್ಟಿತು, ಬೇರೆ ತಂದೆವು.
ಲಾಡಾ ಕಾರಿನ ಹಿಂಬದಿಯಲ್ಲಿ ಕುರಿಚರ್ಮದ ಕೋಟು ಹೊದಿಸಿ
ಈ ಊರಿಗೆ ತಂದೆವು, ಅಂಕಿ ಬದಲಾಯಿತು.
ದೇಶವೇ ಬದಲಾದಾಗ ಹೆಸರಿನ ಬಾಲವೂ ಉದುರಿ
ಬೇರೆ ಎರಡಕ್ಷರ ಮೊಳೆಯಿತು.
ಈಗ ಹೇಳು ಪ್ರೆಬೆನ್, ಉಳಿದದ್ದು ಯಾವುದು?
ಮೀನು.

ಯಾರೂ ನಗಲಿಲ್ಲ. ಹೀಟರು ಟಿಕ್ ಅಂದಿತು.

ಲೇಯ್ಡಾ ಕಿವಿಮ್ಯಾಗಿ ಅದುವರೆಗೆ ಹೆಣೆಯುತ್ತಿದ್ದಳು,
ಕೈಗವಸಿನ ಹೆಬ್ಬೆರಳೊಂದು ಬಾಕಿ.
ನಮ್ಮಜ್ಜ ಸ್ಟೈನ್‌ಬರ್ಗ್, ಅಂದಳು. ಅಂದರೆ ಕಲ್ಲುಗುಡ್ಡ.
ಒಂದು ಮಂಗಳವಾರ ಕಚೇರಿಗೆ ಹೋದವನು
ಕಿವಿಮ್ಯಾಗಿಯಾಗಿ ಬಂದ. ಅದೂ ಕಲ್ಲುಗುಡ್ಡವೇ.
ಗುಡ್ಡ ಇದ್ದಲ್ಲೇ ಇತ್ತು, ನಾಲಗೆ ದಾಟಿತ್ತು.
ಕೆಲವು ವರ್ಷದ ಮೇಲೆ ಅವನನ್ನು ಹುಡುಕಿ ಬಂದವರ ಪಟ್ಟಿಯಲ್ಲಿ
ಹಳೆಯ ಹೆಸರಿತ್ತು.
ಆ ಹೆಸರಿನವರು ಇಲ್ಲಿಲ್ಲ, ಅಂದಳು ಅಜ್ಜಿ.
ನಿಜವನ್ನೇ ಅಂದಳು.
ಅವರು ತಲೆಯೆತ್ತಿ ಮನೆಯ ನಂಬರು ನೋಡಿದರು.
ಅಂಕಿ ಸುಳ್ಳಾಡುವುದಿಲ್ಲ, ಸರಿ ಪ್ರೆಬೆನ್.

ಪ್ರೆಬೆನ್ ಚಾಕು ಕೆಳಗಿಟ್ಟ.

ಎರಡನ್ನೂ ಬರೆಯಿರಿ. ಮೊದಲು, ಅದು ಹೇಳಿಕೊಂಡದ್ದು.
ಪಕ್ಕಕ್ಕೆ, ಆವರಣದೊಳಗೆ, ನಾವು ಕಂಡದ್ದು.
ಕಿವಿಗೂ ಕಣ್ಣಿಗೂ ನಾಲ್ಕು ಬೆರಳು.
ಆ ನಾಲ್ಕು ಬೆರಳನ್ನು ಒರೆಸಿಹಾಕಬೇಡಿ,
ಜಗಳವೇನಿದ್ದರೂ ಅಲ್ಲೇ ಬಿದ್ದಿರಲಿ.

ಆಮೇಲಿನ ಒಂದು ಗಂಟೆ
ಆವರಣ ದುಂಡಗಿರಬೇಕೋ ಚೌಕವೋ ಎಂಬುದಕ್ಕೆ ಹೋಯಿತು.
ಅದನ್ನೂ ಬರೆದಿದ್ದೇನೆ, ಎರಡೂವರೆ ಪುಟ.

ಕೋಟಿನ ಗುಂಡಿ ಹಾಕುತ್ತ ಪ್ರೆಬೆನ್ ಕೇಳಿದ:
ಬಂದವರದು ಆಯಿತು. ಬರೆದುಕೊಳ್ಳುವ ಸರ್ವರು
ಅದೇ ಸಾಲಿನಲ್ಲಿ ತನ್ನ ಹೆಸರೂ ಬರೆಯುತ್ತದಲ್ಲ,
ಅದನ್ನು ಕಂಡವರು ಯಾರು?
ಮುಂದಿನ ಸಭೆಗೆ, ಅಂದರು ಯಾರೋ, ಟೋಪಿ ಹುಡುಕುತ್ತ.

ಎಲ್ಲ ಹೋದ ಮೇಲೆ ಕೊನೆಯ ಹಾಳೆ.
ನಡಾವಳಿ ಬರೆದವರು, ಎಂದು ಅಚ್ಚಾಗಿದೆ, ಮುಂದೆ ಚುಕ್ಕಿಗೆರೆ.
ಪಾಸ್‌ಪೋರ್ಟಿನಲ್ಲಿ ಇನ್ನೂ ವೆಲ್ಲೋನ ಮನೆತನವಿದೆ,
ವೆಲ್ಲೋ ಹೋಗಿ ಎರಡು ಚಳಿಗಾಲ.
ಹೆಲ್ಮೆ, ಎಂದಷ್ಟೇ ಬರೆದೆ.
ಪಕ್ಕಕ್ಕೊಂದು ಆವರಣ ತೆರೆದು, ಮುಚ್ಚಿದೆ.
ಒಳಗೇನೂ ಹಾಕಲಿಲ್ಲ, ಕಂಡವರು ಹಾಕಿಕೊಳ್ಳಲಿ.
ದುಂಡಗಿನದನ್ನೇ ಹಾಕಿದೆ.
ಅದಿನ್ನೂ ತೀರ್ಮಾನವಾಗಿಲ್ಲ.