ಆಧಾರ ಪಟ್ಟಿ

ನೈಟ್ ಶಿಫ್ಟ್ ಮುಗಿಸಿ, ಬೂದಿ ಕೊಡವಿ
ಶಕ್ತಿನಗರದಲ್ಲಿ ಬಸ್ ಹತ್ತಿದರೆ
ರಾಯಚೂರು ಬರುವವರೆಗೂ ನಿದ್ದೆ.
ಕಂಡಕ್ಟರ್ ಚಂದಪ್ಪ ಎಬ್ಬಿಸುತ್ತಾನೆ:
"ಏಳ್ರಿ, ನಿಮ್ಮ ಸಾಲಿ ಬಂತು."

ನಲವತ್ತೊಂದರ ನನಗೆ ಮೂರನೇ ಬೆಂಚು.
ಪಾಠ ಹೇಳುವವಳು ಆರು ವರ್ಷದ ಹಿಂದೆ
ನಮ್ಮ ಪ್ಲಾಂಟಿಗೆ ಟ್ರೇನಿಯಾಗಿ ಬಂದಾಕೆ.
ಹೆಲ್ಮೆಟ್ ಬೆಲ್ಟ್ ಬಿಗಿಯಲು ನಾನೇ ಕಲಿಸಿದ್ದೆ.
'ಸರ್' ಅನ್ನಲೋ ಬೇಡವೋ ಎಂದು
ಹಾಜರಿ ಕರೆಯುವಾಗ ಒಂದು ಕ್ಷಣ ತಡೆಯುತ್ತಾಳೆ.

ಎಂ.ಟೆಕ್ ಆದರೆ ಬಡ್ತಿಯ ಪಟ್ಟಿಯಲ್ಲಿ ಹೆಸರು.
ಅಷ್ಟಕ್ಕೇ ಬಂದವನು ನಾನು, ಸುಳ್ಳೇಕೆ.

ಅವತ್ತು ಬೋರ್ಡಿನ ಮೇಲೆ ಅಲೆಯೊಂದು ಎದ್ದಿತು:
ಬೇರಿಂಗ್ ಸವೆದರೆ ಕಂಪನ ಹೀಗೆ.
ಥಟ್ಟನೆ ಮೌಲಾಲಿ ಕಂಡ.
ಫೀಡ್ ಪಂಪಿಗೆ ಸ್ಕ್ರೂಡ್ರೈವರ್ ಊರಿ
ಹಿಡಿಕೆಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ,
"ಸಾಹೇಬ್ರ, ಇದು ಇನ್ನ ಒಂಬತ್ತ ದಿನ ನೋಡ್ರಿ."
ಹತ್ತನೆಯ ದಿನ ಅದು ನಿಂತಿತ್ತು.

ಅವನ ಕಿವಿಯನ್ನೇ ಪ್ರಬಂಧ ಮಾಡಿದೆ:
ಸೆನ್ಸರು, ಗ್ರಾಫು, ತೊಂಬತ್ತು ಪುಟ.
ಇನ್ನು ಆಧಾರ ಪಟ್ಟಿಯೊಂದೇ ಬಾಕಿ.
ಲೇಖಕ: ಮೌಲಾಲಿ, ಫಿಟ್ಟರ್.
ಪ್ರಕಾಶಕರು?
ಇಸವಿ?

ಅವನನ್ನೇ ಕೇಳೋಣವೆಂದು ಫೋನ್ ಹಚ್ಚಿದೆ.
"ಏನಂದ್ರಿ? ಜೋರ್ ಹೇಳ್ರಿ ಸಾಹೇಬ್ರ,
ಕಿವಿ ಹೋಗ್ಯಾವ."