ಕಾತಿಬಲ್ಲ

ಅಜ್ಮಾನಿನ ಮೀನು ಮಾರ್ಕೆಟ್ಟಿನ ಹಿಂದೆ
ಟೈಪಿಂಗ್ ಸೆಂಟರಿನ ಮೂರನೇ ಮೇಜು ನನ್ನದು.
ಅದರ ಒಂದು ಕಾಲು ಗಿಡ್ಡ.
ಷಿಫ್ಟ್ ಕೀ ಒತ್ತಿದರೆ ಸುಲೇಮಾನಿ ಚಹಾ
ತಟ್ಟೆಗೆ ತುಳುಕುತ್ತದೆ.

ಚೆಯ್ಯಬ್ಬ ಬಂದು ಕೂತದ್ದು ಅಸರ್ ಬಾಂಗಿನ ಹೊತ್ತಿಗೆ,
ಉಗುರಿನ ಸಂದಿಯಲ್ಲಿ ಬಿಳಿ ಸಿಮೆಂಟು,
ಕಿವಿಯ ಮೇಲೆ ಗಿಡ್ಡ ಪೆನ್ಸಿಲು.
ಪ್ಲಾಸ್ಟಿಕ್ ಚೀಲದಿಂದ ತೆಗೆದಿಟ್ಟ:
ಪಾಸ್‌ಪೋರ್ಟು, ದಂಡದ ಚೀಟಿ, ಎರಡು ಫೋಟೋ.
"ಟೀಚರೇ, ನನಗೊಂದು ಲೈಸೆನ್ಸ್ ಮಾಡಿಕೊಡಿ."

ಸುರತ್ಕಲ್ಲಿನ ಶಾಲೆಯಲ್ಲಿ ಎರಡೇ ವರ್ಷ
ಅ ಆ ಇ ಈ ಹೇಳಿಕೊಟ್ಟವಳು ನಾನು.
ಇವನಿಗೆ ಹೇಗೆ ಗೊತ್ತಾಯಿತೋ,
ಊರಿನ ಸುದ್ದಿಗೆ ವೀಸಾ ಬೇಡವಲ್ಲ.

ಕಾರ್ಡಿನಲ್ಲಿ ಬರೆದದ್ದು ಟೈಲ್ಸ್ ಕೂರಿಸುವವ.
ಸಿಕ್ಕಿಬಿದ್ದಾಗ ಕೈಯಲ್ಲಿದ್ದದ್ದು ಟೆಸ್ಟರು.
ಮುದುಕಿಯೊಬ್ಬಳ ಬಚ್ಚಲು ಹೊಸದು ಮಾಡುತ್ತಿದ್ದ,
ಗೀಸರು ಶಾಕ್ ಹೊಡೆಯುತ್ತಿತ್ತು.
"ಮುಟ್ಟದೆ ಬಿಡಲಿಕ್ಕಾಗುತ್ತದಾ?
ಚಂದದ ಟೈಲು ಕೂರಿಸಿ, ಅವಳು ಅದರ ಮೇಲೆ ಸಾಯಲಿ ಅನ್ನಲಾ?"
ತನಿಖೆಗೆ ಬಂದವನು ಒಳ್ಳೆಯವನೇ.
ನೀರು ಕೇಳಿ ಕುಡಿದ.
ಆಮೇಲೆ ಬರೆದ.

ಅರ್ಜಿ ತೆರೆದೆ.
ಚಟುವಟಿಕೆ ಎಂಬಲ್ಲಿ ಒಂದು ಬಾಣ,
ಒತ್ತಿದರೆ ಬಾವಿಯ ಹಗ್ಗದಂತೆ ಇಳಿಯುವ ಪಟ್ಟಿ.
"ಏನೇನು ಕೆಲಸ ಬರುತ್ತದೆ?"
"ಮನೆ ಏನು ಕೇಳುತ್ತದೋ ಅದೆಲ್ಲ."
ಅದು ಪಟ್ಟಿಯಲ್ಲಿಲ್ಲ.

ಬಣ್ಣ ಬೇರೆ, ಗಾರೆ ಬೇರೆ,
ನಲ್ಲಿ ಬೇರೆ, ನಲ್ಲಿಯ ಹಿಂದಿನ ಪೈಪು ಇನ್ನೂ ಬೇರೆ.
ವಯರಿಗೆ ಇಂಜಿನಿಯರನೊಬ್ಬನ ಸಹಿ ಬೇಕು,
ಗೋಡೆಗೆ ನಕ್ಷೆ ಬೇಕು, ಮಾಲೀಕನ ಒಪ್ಪಿಗೆ ಬೇಕು,
ಪುರಸಭೆಯ ಮೊಹರು ಬೇಕು.
"ಮೊಳೆ ಹೊಡೆಯಲಿಕ್ಕೆ?" ಎಂದ.
ಹುಡುಕಿದೆ.
ಮೊಳೆಯ ಬಗ್ಗೆ ಕಾನೂನು ಸುಮ್ಮನಿದೆ.

ನಗಬೇಡಿ, ನಿಯಮ ಮಾಡಿದವರು ದಡ್ಡರಲ್ಲ.
ಹೋದ ವರ್ಷ ಎಲ್ಲ ಬಲ್ಲವನೊಬ್ಬ
ಹಾಲ್ ದೊಡ್ಡದು ಮಾಡುತ್ತೇನೆಂದು ಕಂಬ ಒಡೆದ.
ಮೇಲಿನವರ ಮಂಚ ಕೆಳಗಿನವರ ಅಡುಗೆಮನೆಗೆ ಬಂತು.
ಆ ದೂರನ್ನು ಟೈಪು ಮಾಡಿದವಳೂ ನಾನೇ.
ಕೇಳಿ ಚೆಯ್ಯಬ್ಬ ತಲೆಯಾಡಿಸಿದ:
"ಗೋಡೆಯನ್ನು ತಟ್ಟಿದರೆ ಅದೇ ಹೇಳುತ್ತದೆ
ತಲೆಯ ಮೇಲೆ ಹೊರೆ ಇದೆಯೋ ಇಲ್ಲವೋ.
ಕೇಳಿಸದವ ಸುತ್ತಿಗೆ ಹಿಡಿಯಬಾರದು."
ಕಿವಿಗೂ ಕಾಲಂ ಇಲ್ಲ.

ಅಂಗಡಿಯ ಹೆಸರು?
"ಕಾಟಿಪಳ್ಳ," ಎಂದ, ತಡವರಿಸದೆ.
ಬಂದರಿಗೆ ಮನೆ ಬಿಟ್ಟುಕೊಟ್ಟವರಿಗೆ ಸಿಕ್ಕಿದ ಜಾಗ.
ಅಪ್ಪ ಅಲ್ಲಿ ಅಡಿಪಾಯ ತೋಡುವಾಗ
ಇವನು ಜಲ್ಲಿ ಹೊತ್ತಿದ್ದ, ಏಳು ವರ್ಷದವ.

ಅರಬಿಯಲ್ಲಿ ಟ ಇಲ್ಲ. ಪ ಇಲ್ಲ. ಳ ಇಲ್ಲವೇ ಇಲ್ಲ.
ಮಕ್ಕಳು ಬಾಳೆಯನ್ನು ಬಾಲೆ ಎಂದರೆ ಗದರುತ್ತಿದ್ದವಳು
ಒಂದೊಂದಾಗಿ ಕಳಚಿದೆ:
ಟ ಹೋಗಿ ತ, ಪ ಹೋಗಿ ಬ,
ಮಡಿಚಿದ್ದ ನಾಲಗೆ ನೆಟ್ಟಗಾಗಿ ಹಲ್ಲಿಗೊರಗಿ
ಳ ಹೋಗಿ ಲ.
ಕಾತಿಬಲ್ಲ.

ಕಾತಿಬ್ ಅಂದರೆ ಇಲ್ಲಿ ಬರೆಯುವವ, ಗುಮಾಸ್ತ,
ಅಂದರೆ ನಾನು.
ಬಲ್ಲ ನಮ್ಮದೇ.
ಓದಿ ಹೇಳಿದೆ. ಬಿದ್ದುಬಿದ್ದು ನಕ್ಕ.
"ನೀವು ಬಲ್ಲಿರಲ್ಲ, ಸಾಕು."
ಏನು ಬಲ್ಲೆ ನಾನು?
ಯಾರು ಯಾವ ಚೌಕದಲ್ಲಿ ಹಿಡಿಯುತ್ತಾರೆಂದು,
ಹಿಡಿದ ಮೇಲೂ ಯಾವ ಬೆರಳು
ಹೊರಗುಳಿಯುತ್ತದೆಂದು.

ಕೊನೆಗೆ ಟೈಲ್ಸ್ ಎಂದೇ ಒತ್ತಿದೆ.
ಉಳಿದದ್ದಕ್ಕೆ ಅವನ ಬಳಿ ದುಡ್ಡು ಸಾಲದು.
ಮೊದಲ ಪ್ರತಿ ಸೊಟ್ಟಗೆ ಬಂತು, ಬೇಡವಾಯಿತು.
ಅದನ್ನೆತ್ತಿ ನಾಲ್ಕು ಸಲ ಮಡಿಸಿ,
ಉಗುರಿನಿಂದ ಗೀರಿ, ತುಸು ಯೋಚಿಸಿ
ಒಂದು ಮಡಿಕೆ ಬಿಚ್ಚಿ
ಮೇಜಿನ ಕೆಳಗೆ ಬಗ್ಗಿದ.
"ಮರಗೆಲಸ ನಿಮ್ಮ ಅರ್ಜಿಯಲ್ಲಿಲ್ಲ," ಎಂದೆ.
ಕೆಳಗಿನಿಂದ ಉತ್ತರ ಬರಲಿಲ್ಲ.

ಅವನು ಹೋದ ಮೇಲೆ ಷಿಫ್ಟ್ ಕೀ ಒತ್ತಿ ನೋಡಿದೆ.
ಚಹಾ ಕದಲಲಿಲ್ಲ.
ಟೋಕನ್ ನಲವತ್ತೊಂದು, ಒಬ್ಬ ಕ್ಷೌರಿಕ.
ಕೂರುವ ಮೊದಲೇ ಕೇಳಿದ,
ತಲೆಗೆ ಬೇರೆ, ಗಡ್ಡಕ್ಕೆ ಬೇರೆಯಾ?